ನೀರು ನಿಲ್ಲುವ ಹೊತ್ತು

2012ರ ಜುಲೈ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಡಿಸೆಪ್ಷನ್ ಪಾಸ್ ಎಂಬ ಇಕ್ಕಟ್ಟಾದ ಜಲಸಂಧಿಯ ನಡುವೆ ಇಪ್ಪತ್ತೈದು ಅಡಿ ಉದ್ದದ ದೋಣಿಯೊಂದು ಇದ್ದಲ್ಲೇ ಇತ್ತು. ಎಂಜಿನ್ ಪೂರ್ತಿ ದಮ್ಮು ಹಾಕಿ ಓಡುತ್ತಿತ್ತು, ಮೂತಿಯ ಕೆಳಗೆ ನೊರೆ ಏಳುತ್ತಿತ್ತು. ಆದರೆ ಬಲಗಡೆ ಬಂಡೆಯ ಮೇಲಿನ ಒಂಟಿ ಮರ ಮಾತ್ರ ಕಿಟಕಿಯಿಂದ ಹಿಂದೆ ಸರಿಯಲೊಲ್ಲದು. ಜಿಪಿಎಸ್ ಪರದೆಯ ಮೇಲಿನ ವೇಗ 0.4 ನಾಟ್. ಪಶ್ಚಿಮದಿಂದ ನುಗ್ಗುತ್ತಿದ್ದ ಉಬ್ಬರದ ನೀರು ದೋಣಿಯ ವೇಗವನ್ನೆಲ್ಲ ನುಂಗಿ ಹಾಕಿತ್ತು. ಪಕ್ಕದಲ್ಲೇ ನೀರು ಬಾಣಲೆಯ ಎಣ್ಣೆಯ ಹಾಗೆ ಕುದಿದು, ಸುಳಿಯಾಗಿ ತಿರುಗಿ, ಮತ್ತೆ ಸಪಾಟಾಗುತ್ತಿತ್ತು. ಚುಕ್ಕಾಣಿ ಹಿಡಿದಿದ್ದ ಗಂಡ ತುಮಕೂರಿನ ಬಯಲುಸೀಮೆಯವನು. ಮೂವತ್ತೈದು ದಾಟಿದ ಮೇಲೆ ಈಜು ಕಲಿತವನು. ಅವನ ಬೆರಳುಗಳು ಬಿಳಿಚಿದ್ದವು.

“ತಿರುಗಿಸು, ನೀರು ನಿಲ್ಲಲಿ, ಆಮೇಲೆ ಹೋಗುವ” ಎಂದಳು ಹೆಂಡತಿ.

ಆಕೆ ಗಂಗೊಳ್ಳಿಯವಳು. ಅಪ್ಪ ಮೀನುಗಾರಿಕೆ ಬೋಟಿನಲ್ಲಿ ದುಡಿದವನು. ಪಂಚಗಂಗಾವಳಿಯ ಅಳಿವೆ ಎಂಥದೆಂದು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೀನು ತುಂಬಿದ ಬೋಟು ಅಳಿವೆಯ ಹೊರಗೆ ನಿಂತು, ಅಲೆಯ ಲೆಕ್ಕ ನೋಡಿ, ಹೊತ್ತು ಸರಿಯಾದ ಮೇಲೆ ಒಳಗೆ ಬರುವುದನ್ನು ದಡದಲ್ಲಿ ನಿಂತು ಕಂಡವಳು. ಅವಸರಪಟ್ಟ ಬೋಟುಗಳಿಗೆ ಏನಾಗುತ್ತದೆಂಬುದನ್ನೂ ಕಂಡವಳು. ಸಿಯಾಟಲ್ ಬಳಿಯ ಊರೊಂದರಲ್ಲಿ ಹದಿನಾಲ್ಕು ವರ್ಷ ಕಂಪ್ಯೂಟರಿನ ಮುಂದೆ ಕೂತ ಮೇಲೂ ಆ ಕಣ್ಣು ಅವಳಿಗೆ ಉಳಿದಿತ್ತು.

ಸುಳಿಗಳ ನಡುವೆ ದೋಣಿ ತಿರುಗಿಸುವುದು ಸುಲಭದ ಕೆಲಸವಲ್ಲ. ಅಡ್ಡಲಾದ ಕ್ಷಣವೇ ಹರಿವು ಅದನ್ನು ಬಂಡೆಯ ಕಡೆ ತಳ್ಳುತ್ತದೆ. ಅಂತೂ ತಿರುಗಿತು. ಹೋಗುವಾಗ ಮುಕ್ಕಾಲು ಗಂಟೆ ಹಿಡಿದ ದಾರಿಯನ್ನು ಹಿಂದಕ್ಕೆ ಬರುವಾಗ ಅದೇ ನೀರು ಐದು ನಿಮಿಷದಲ್ಲಿ ದಾಟಿಸಿಬಿಟ್ಟಿತು. ಪೂರ್ವದ ಕಾರ್ನೆಟ್ ಕೊಲ್ಲಿಯಲ್ಲಿ ದೋಣಿ ಕಟ್ಟಿ, ಚಹಾ ಕಾಯಿಸಿ, ಮೂರು ಗಂಟೆ ಕೂತರು. ಎಂಟು ವರ್ಷದ ಮಗಳು ಉಬ್ಬರ–ಇಳಿತದ ಪಟ್ಟಿಯಲ್ಲಿ ಬೆರಳಿಟ್ಟು ನಿಮಿಷ ಎಣಿಸುತ್ತಿದ್ದಳು. ಸಂಜೆ ಅದೇ ಜಲಸಂಧಿ ಕೆರೆಯಂತೆ ಮಲಗಿತ್ತು. ಹತ್ತು ನಿಮಿಷದಲ್ಲಿ ಅವರು ಅದರ ಮೇಲಿನ ಸೇತುವೆಯ ಆಚೆಗಿದ್ದರು.

ಆ ಇಕ್ಕಟ್ಟಿನಲ್ಲಿ ಹರಿವು ಎಂಟು ನಾಟ್ ಮುಟ್ಟುತ್ತದೆ. ಅವರ ದೋಣಿಯ ಗರಿಷ್ಠ ವೇಗವೇ ಏಳು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡದೆ ಹೊರಟದ್ದು ಅವರ ಮೊದಲ ತಪ್ಪು. ಮುಂದಿನ ಹತ್ತು ಬೇಸಗೆಗಳು ಒಂದರ್ಥದಲ್ಲಿ ಆ ಮಧ್ಯಾಹ್ನದ ಪಾಠವನ್ನೇ ಬಿಡಿಸಿ ಬಿಡಿಸಿ ಓದಿದ ಹಾಗೆ ಕಳೆದವು.

ಕರಾವಳಿಯವರಿಗೆ ಟ್ರಾಲ್ ಬೋಟು ಎಂದರೆ ಮಲ್ಪೆ, ಮಂಗಳೂರು ಧಕ್ಕೆಯಲ್ಲಿ ಸಾಲುಗಟ್ಟಿ ನಿಲ್ಲುವ, ಬಲೆ ಎಳೆಯುವ ಮೀನುಗಾರಿಕೆ ದೋಣಿ. ಅಮೆರಿಕ, ಕೆನಡಾಗಳಲ್ಲಿ ಅದೇ ಹೆಸರು ವಿಹಾರದ ದೋಣಿಗಳ ಒಂದು ವಂಶಕ್ಕೂ ಅಂಟಿಕೊಂಡಿದೆ. ಬಲೆ ಇಲ್ಲ, ಮೀನಿನ ಕೋಣೆ ಇಲ್ಲ. ಉಳಿದದ್ದು ಮೀನು ದೋಣಿಯ ಮೈಕಟ್ಟು: ಎತ್ತರದ ಮೂತಿ, ನೆಟ್ಟಗೆ ನಿಂತ ಚಾಲಕನ ಕೋಣೆ, ನೀರಿನಲ್ಲಿ ಆಳಕ್ಕೆ ಕೂರುವ ಒಡಲು, ಒಂದೇ ಡೀಸೆಲ್ ಎಂಜಿನ್. ಇವು ನೀರಿನ ಮೇಲೆ ಹಾರುವ ದೋಣಿಗಳಲ್ಲ, ನೀರನ್ನು ಸರಿಸಿಕೊಂಡು ನಡೆಯುವಂಥವು. ಹೀಗೆ ನಡೆಯುವ ಒಡಲಿಗೆ ಪ್ರಕೃತಿಯೇ ವೇಗದ ಗಡಿ ಹಾಕಿದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ಆ ಗಡಿ ಸಿಗುತ್ತದೆ. ಇಪ್ಪತ್ತೆರಡು ಅಡಿಗೆ ಸುಮಾರು ಆರು ಕಾಲು ನಾಟ್, ಅಂದರೆ ಗಂಟೆಗೆ ಹನ್ನೊಂದೂವರೆ ಕಿಲೋಮೀಟರ್. ಅದರಾಚೆ ಎಂಜಿನ್ನಿಗೆ ಎಷ್ಟು ಡೀಸೆಲ್ ಸುರಿದರೂ ದೋಣಿ ತಾನೇ ಎಬ್ಬಿಸಿದ ಅಲೆಯ ಬೆನ್ನು ಹತ್ತಲು ಹೆಣಗುತ್ತದೆಯೇ ಹೊರತು ವೇಗ ಹೆಚ್ಚೇನೂ ಏರುವುದಿಲ್ಲ.

ದೊಡ್ಡ ಟ್ರಾಲರ್‌ಗಳು ನಲವತ್ತು, ಐವತ್ತು ಅಡಿಯವು. ಅವಕ್ಕೆ ವರ್ಷವಿಡೀ ಬಂದರಿನ ಬಾಡಿಗೆ ತೆರಬೇಕು. ಸಂಬಳದ ಮೇಲೆ ನಿಂತ ಸಂಸಾರಕ್ಕೆ ಅದು ಆಗದ ಮಾತು. ಆದರೆ ಚಕ್ರದ ಮೇಲೇರಿಸಿ ಮನೆಗೆ ಎಳೆದೊಯ್ಯಬಹುದಾದ ಸಣ್ಣ ಟ್ರಾಲರ್‌ಗಳ ಜಾತಿಯೂ ಒಂದಿದೆ. ಅದರ ಅಳತೆಯನ್ನು ನಿರ್ಧರಿಸಿದ್ದು ಸಮುದ್ರವಲ್ಲ, ರಸ್ತೆ. ಅಮೆರಿಕದ ಹೆದ್ದಾರಿಗಳಲ್ಲಿ ವಿಶೇಷ ಪರವಾನಗಿ ಇಲ್ಲದೆ ಎಳೆಯಬಹುದಾದ ಹೇರಿನ ಅಗಲ ಎಂಟೂವರೆ ಅಡಿ. ಸ್ವೀಡನ್ನಿನ ಪೆರ್ ಬ್ರೋಹಾಲ್ 1960ರ ದಶಕದಲ್ಲಿ ವಿನ್ಯಾಸ ಮಾಡಿದ ಆಲ್ಬಿನ್ 25, ನೋವಾ ಸ್ಕೋಷಿಯಾದ ರೋಸ್‌ಬರೋ, ವಾಷಿಂಗ್ಟನ್ ರಾಜ್ಯದಲ್ಲೇ ತಯಾರಾಗುವ ರೇಂಜರ್ ಟಗ್ಸ್‌ನ ಸಣ್ಣ ದೋಣಿಗಳು, ಎಲ್ಲವೂ ಆ ಅಗಲದ ಆಸುಪಾಸಿನಲ್ಲೇ ಮನೆ ಕಟ್ಟಿಕೊಂಡವು.

ದಂಪತಿ ಕೊಂಡದ್ದು ಅಂಥದೇ ಒಂದು ಹಳೆಯ ದೋಣಿ. ಮುಂದೆ ಇಬ್ಬರು ಮಲಗುವ ಗೂಡು, ನಡುವೆ ಚುಕ್ಕಾಣಿ, ಹಿಂದೆ ಮಗಳಿಗೆಂದೇ ಮಾಡಿಸಿದಂತಿದ್ದ ಪುಟ್ಟ ಕೋಣೆ, ಒಂದು ಒಲೆ, ಒಂದು ತೊಟ್ಟಿ, ಡೀಸೆಲ್ ಹೀಟರ್. ಗಂಟೆಗೆ ಒಂದು ಗ್ಯಾಲನ್ನಿಗೂ ಕಡಿಮೆ ಡೀಸೆಲ್ ಕುಡಿಯುತ್ತಿತ್ತು. ಹೆಸರಿಡುವಾಗ ಗಂಗೊಳ್ಳಿಯಲ್ಲಿ ಕಡಲು ಸೇರುವ ನದಿಗಳನ್ನೆಲ್ಲ ಕಾಗದದ ಮೇಲೆ ಬರೆದರು. ಸೌಪರ್ಣಿಕಾ ಚೆಂದವಿತ್ತು. ಆದರೆ ಅಪಾಯದಲ್ಲಿ ರೇಡಿಯೊ ಮೇಲೆ ಕರಾವಳಿ ಕಾವಲು ಪಡೆಗೆ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಬೇಕಾದೀತು. ಆದ್ದರಿಂದ ‘ಚಕ್ರಾ’ ಆಯಿತು.

ನೀರಿಗಿಂತ ಮೊದಲು ಅವರನ್ನು ಹೆದರಿಸಿದ್ದು ನೆಲ. ದೋಣಿ, ಟ್ರೇಲರ್, ನೀರು, ಡೀಸೆಲ್ ಸೇರಿ ಮೂರು ಟನ್ನಿಗೂ ಮಿಕ್ಕಿದ ಭಾರ. ಅದರಲ್ಲಿ ಹತ್ತನೇ ಒಂದು ಪಾಲಿನಷ್ಟು ಟ್ರಕ್ಕಿನ ಕೊಕ್ಕೆಯ ಮೇಲೆ ಕೂರಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಹಾವಿನಂತೆ ಬಾಲ ಬೀಸುತ್ತದೆ. ಹಿಮ್ಮುಖವಾಗಿ ಓಡಿಸುವಾಗ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಶಾಲೆಯೊಂದರ ಖಾಲಿ ಮೈದಾನದಲ್ಲಿ ನಾಲ್ಕು ಭಾನುವಾರ ಅಭ್ಯಾಸ ನಡೆಯಿತು. ಸ್ಟೀರಿಂಗಿನ ಕೆಳತುದಿಗೆ ಕೈ ಇಟ್ಟರೆ ಕೈ ಹೋದತ್ತ ಟ್ರೇಲರ್ ಹೋಗುತ್ತದೆ ಎಂಬ ಗುಟ್ಟು ಮೂರನೇ ಭಾನುವಾರ ತಿಳಿಯಿತು. ಅದನ್ನು ಕಂಡುಕೊಂಡವಳು ಆಕೆ. ಅಂದಿನಿಂದ ದಡದಲ್ಲಿ ಟ್ರಕ್ಕು ಅವಳದು, ನೀರಿನಲ್ಲಿ ಎಂಜಿನ್ ಅವನದು, ಹೊತ್ತಿನ ಲೆಕ್ಕ ಮಗಳದು.

ನೀರಿಗಿಳಿಸುವ ಮುನ್ನ ಮೂವರೂ ಒಂದು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಮೊದಲ ಸಾಲು ಪ್ರತಿ ಸಲವೂ ಒಂದೇ: ತಳದ ಬಿರಡೆ ಹಾಕಿದೆಯೇ? ಟ್ರೇಲರ್ ಮೇಲಿರುವಾಗ ಮಳೆನೀರು ಹರಿದುಹೋಗಲೆಂದು ತೆಗೆದಿಡುವ, ಹೆಬ್ಬೆರಳು ಗಾತ್ರದ ಬಿರಡೆ ಅದು. ಅದನ್ನು ಮರೆತು ದೋಣಿ ಇಳಿಸಿದವರ ಗಾಬರಿಯನ್ನು ಇಳಿದಾರಿಗಳಲ್ಲಿ ಅವರು ಎರಡು ಸಲ ಕಣ್ಣಾರೆ ಕಂಡಿದ್ದರು.

ಬಿರಡೆ ಮರೆಯಲಿಲ್ಲ. ಬೇರಿಂಗ್ ಮರೆತರು.

2015ರ ಆಗಸ್ಟ್‌ನಲ್ಲಿ ‘ಚಕ್ರಾ’ವನ್ನು ಸ್ಟೀವನ್ಸ್ ಪಾಸ್ ಘಟ್ಟ ಹತ್ತಿಸಿ ಶೆಲಾನ್ ಸರೋವರಕ್ಕೆ ಒಯ್ದಿದ್ದರು. ಕ್ಯಾಸ್ಕೇಡ್ ಪರ್ವತಗಳ ಸಂದಿಯಲ್ಲಿ ಐವತ್ತು ಮೈಲಿ ಉದ್ದಕ್ಕೆ ಮಲಗಿದ ಆ ಸರೋವರ 1,486 ಅಡಿ ಆಳವಿದೆ. ಅದರ ತುದಿಯ ಸ್ಟಿಹೀಕಿನ್ ಎಂಬ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ದೋಣಿಯಲ್ಲಿ, ಸಣ್ಣ ವಿಮಾನದಲ್ಲಿ ಅಥವಾ ನಡೆದೇ ಹೋಗಬೇಕು. ಉಪ್ಪುನೀರಿನ ದೋಣಿ ಒಂದೇ ದಿನದಲ್ಲಿ ಬೆಟ್ಟ ದಾಟಿ ಸಿಹಿನೀರಿಗಿಳಿಯಿತು. ಟ್ರೇಲರ್ ಇಲ್ಲದ ನಲವತ್ತಡಿಯ ಒಡೆಯನಿಗೆ ಇದು ಎಟುಕದ ಸುಖ.

ಮರಳಿ ಬರುವಾಗ ಘಟ್ಟದ ಇಳಿಜಾರಿನಲ್ಲಿ ಬಲಗಡೆಯ ಹಿಂದಿನ ಚಕ್ರದಿಂದ ಹೊಗೆ ಕಾಣಿಸಿತು. ರಸ್ತೆ ಬದಿಗೆ ನಿಲ್ಲಿಸಿ ನೋಡಿದರೆ ಚಕ್ರದ ಗುಂಬ ಕಾದ ಕಾವಲಿಯಂತಿತ್ತು. ಕಾರಣ ಮುಂದೆ ತಿಳಿಯಿತು. ಹೆದ್ದಾರಿಯಲ್ಲಿ ಓಡಿ ಬಂದ ಚಕ್ರದ ಗುಂಬ ಬಿಸಿಯಾಗಿರುತ್ತದೆ. ಹಾಗೇ ತಣ್ಣನೆಯ ನೀರಿಗೆ ಮುಳುಗಿಸಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ನೀರು ಗ್ರೀಸನ್ನು ಕೆಡಿಸುತ್ತದೆ, ಉಪ್ಪು ಉಕ್ಕನ್ನು ತಿನ್ನುತ್ತದೆ. ಎರಡು ವರ್ಷ ಅವರು ಗುಂಬವನ್ನು ಬಿಚ್ಚಿ ನೋಡಿರಲೇ ಇಲ್ಲ, ಮೂರು ವರ್ಷ ಇಳಿದಾರಿ ತಲುಪಿದ ಕೂಡಲೇ ದೋಣಿ ಇಳಿಸಿದ್ದರು. ಹತ್ತಿರದ ಊರಿನ ಮೆಕ್ಯಾನಿಕ್ ಹೊಸ ಬೇರಿಂಗ್ ತರಿಸುವವರೆಗೆ ಒಂದೂವರೆ ದಿನ ಪೈನ್ ಮರಗಳ ಕೆಳಗೆ, ಟ್ರೇಲರ್ ಮೇಲಿನ ದೋಣಿಯಲ್ಲೇ ವಾಸ. ಅಂದಿನಿಂದ ಅವರ ಪಟ್ಟಿಗೆ ಇನ್ನೊಂದು ಸಾಲು ಸೇರಿತು: ಇಳಿದಾರಿ ತಲುಪಿದ ಮೇಲೆ ಗುಂಬ ಮುಟ್ಟಿ ನೋಡು, ಬಿಸಿಯಿದ್ದರೆ ಊಟ ಮಾಡು, ಆಮೇಲೆ ಇಳಿಸು.

ನೆಲದ ಮೇಲೂ ಕಾಯುವುದೇ ಸರಿಯಾದ ದಾರಿಯಾಯಿತು.

ಅವರು ಮತ್ತೆ ಮತ್ತೆ ಹೋಗುತ್ತಿದ್ದುದು ಸ್ಯಾನ್ ವಾನ್ ದ್ವೀಪಗಳಿಗೆ. ಡಿಸೆಪ್ಷನ್ ಪಾಸ್ ದಾಟಿ, ರೊಸಾರಿಯೊ ಜಲಸಂಧಿ ಹಾದು, ಲೋಪೆಜ್ ದ್ವೀಪದ ಸ್ಪೆನ್ಸರ್ ಸ್ಪಿಟ್‌ನಲ್ಲಿ ಮೊದಲ ರಾತ್ರಿ. ಮಾರನೆಯ ದಿನ ಉತ್ತರಕ್ಕೆ, ಕೆನಡಾ ಗಡಿಯಂಚಿನ ಸೂಷಿಯಾ ದ್ವೀಪ. ಕೈಬೆರಳು ಚಾಚಿದಂತಿರುವ ಆ ದ್ವೀಪದ ಮರಳುಗಲ್ಲನ್ನು ಉಪ್ಪು ಮತ್ತು ಗಾಳಿ ಜೇನುಗೂಡಿನಂತೆ ಕೊರೆದಿವೆ. 2012ರಲ್ಲಿ ಅಲ್ಲಿನ ದಂಡೆಯಲ್ಲಿ ಸಿಕ್ಕ ಮೂಳೆಯ ತುಂಡೊಂದು ಸುಮಾರು ಎಂಟು ಕೋಟಿ ವರ್ಷ ಹಿಂದಿನ ಮಾಂಸಾಹಾರಿ ಡೈನೋಸಾರ್‌ನದೆಂದು 2015ರಲ್ಲಿ ಪ್ರಕಟವಾಯಿತು. ವಾಷಿಂಗ್ಟನ್ ರಾಜ್ಯದಲ್ಲಿ ಸಿಕ್ಕ ಮೊದಲ ಡೈನೋಸಾರ್ ಕುರುಹು ಅದು. ಆ ಸುದ್ದಿ ಬಂದ ವರ್ಷ ಮಗಳು ಇಡೀ ದಿನ ದಂಡೆಯಲ್ಲಿ ಬಾಗಿಕೊಂಡೇ ನಡೆದಳು.

ಆ ದ್ವೀಪ ಎಲ್ಲರಿಗೂ ಉಳಿದದ್ದರ ಹಿಂದೆ ದೋಣಿಯವರೇ ಇದ್ದಾರೆ. 1960ರಲ್ಲಿ ಸೂಷಿಯಾದ ಬಹುಭಾಗ ಖಾಸಗಿ ಕೈಗಳಿಗೆ ಹೋಗುವುದರಲ್ಲಿತ್ತು. ಸಿಯಾಟಲ್ ಬದಿಯ ಪ್ಯೂಜೆಟ್ ಸೌಂಡ್ ಎಂಬ ಕಡಲತೋಳಿನ ದೋಣಿ ಕ್ಲಬ್ಬುಗಳು ಒಟ್ಟಾಗಿ ವಂತಿಗೆ ಎತ್ತಿ ಅದನ್ನು ಕೊಂಡು, ಸಾರ್ವಜನಿಕ ಉದ್ಯಾನವಾಗಿರಲೆಂದು ರಾಜ್ಯಕ್ಕೆ ಕೊಟ್ಟವು. ಇಂದು ಅಲ್ಲಿ ಯಾವ ದೋಣಿಯವನು ಬೇಕಾದರೂ ಲಂಗರು ಹಾಕಬಹುದು.

ಲಂಗರು ಹಾಕುವುದು ಕೂಡ ಲೆಕ್ಕವೇ. ಗಂಗೊಳ್ಳಿಯಲ್ಲಿ ಉಬ್ಬರ–ಇಳಿತದ ನಡುವಿನ ಅಂತರ ಹೆಚ್ಚೆಂದರೆ ಐದಾರು ಅಡಿ. ಸಿಯಾಟಲ್‌ನಲ್ಲಿ ಅದರ ದಿನದ ಸರಾಸರಿಯೇ ಹನ್ನೊಂದು ಅಡಿ ದಾಟುತ್ತದೆ. ಅದೂ ಸಮನಲ್ಲ: ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಒಂದೊಂದೂ ಬೇರೆ ಎತ್ತರ. ಸೂಷಿಯಾದ ಎಕೋ ಬೇಯಲ್ಲಿ ಮಗಳು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದಳು. ಇಳಿತದಲ್ಲಿ ಆಳ 15 ಅಡಿ, ರಾತ್ರಿಯ ಉಬ್ಬರ 10, ನೀರಿನಿಂದ ಮೂತಿಯ ಎತ್ತರ 3. ಒಟ್ಟು 28. ಅದರ ಐದು ಪಟ್ಟು 140 ಅಡಿ ಹಗ್ಗ ಮತ್ತು ಸರಪಳಿ. ಗಾಳಿಯ ಸೂಚನೆ ಇದ್ದರೆ ಏಳು ಪಟ್ಟು. ಹಗ್ಗ ಉದ್ದವಿದ್ದಷ್ಟೂ ಎಳೆತ ನೆಲಕ್ಕೆ ಸಮಾಂತರವಾಗಿ, ಲಂಗರಿನ ಹಲ್ಲು ಕೆಸರನ್ನು ಕಚ್ಚಿ ಹಿಡಿಯುತ್ತದೆ. ಗಿಡ್ಡವಾದರೆ ಉಬ್ಬರದ ನೀರೇ ಅದನ್ನು ಕಿತ್ತು ಎತ್ತುತ್ತದೆ. ಶಾಲೆಯಲ್ಲಿ ಗಣಿತ ಬೇಸರವೆನ್ನುತ್ತಿದ್ದ ಹುಡುಗಿ ಈ ಲೆಕ್ಕವನ್ನು ಒಮ್ಮೆಯೂ ತಪ್ಪಲಿಲ್ಲ. ತಾನು ಮಲಗುವ ಕೋಣೆ ಆ ಲೆಕ್ಕದ ಮೇಲೆ ತೇಲುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು.

ಸಂಜೆ ಏಡಿಯ ಬೋನು. ಅಲ್ಲಿನ ಡಂಜೆನೆಸ್ ಏಡಿ ಕರಾವಳಿಯ ಏಡಿಗಿಂತ ದಪ್ಪ, ಸಿಹಿ. ಕಾನೂನು ಕಟ್ಟುನಿಟ್ಟು: ಗಂಡು ಮಾತ್ರ, ಚಿಪ್ಪಿನ ಅಗಲ ಆರು ಕಾಲು ಇಂಚಿಗೆ ಕಡಿಮೆ ಇರಕೂಡದು, ಪೊರೆ ಬಿಟ್ಟ ಮೆತ್ತನೆಯದನ್ನು ಹಿಡಿಯುವಂತಿಲ್ಲ, ಹಿಡಿದದ್ದನ್ನು ಅಲ್ಲೇ ಕಾರ್ಡಿನಲ್ಲಿ ಬರೆಯಬೇಕು. ಅಳತೆ ಪಟ್ಟಿ ಹಿಡಿದು ಕಾಲಿಂಚು ಕಡಿಮೆ ಇದ್ದದ್ದನ್ನು ನೀರಿಗೆ ಬಿಡುವಾಗ ಆಕೆಗೆ ಅಪ್ಪನ ನೆನಪಾಗುತ್ತಿತ್ತು. ಮರಿ ಮೀನು ಬಲೆಗೆ ಬೀಳುತ್ತಿದೆ, ಮುಂದೆ ಏನು ಉಳಿದೀತು ಎಂದು ಕೊನೆಯ ವರ್ಷಗಳಲ್ಲಿ ಅಪ್ಪ ಗೊಣಗುತ್ತಿದ್ದ. ಒಂಟಿ ಒಲೆಯ ಮೇಲೆ ತೆಂಗಿನತುರಿ, ಕೊತ್ತಂಬರಿ, ಬ್ಯಾಡಗಿ ಮೆಣಸು ಹುರಿದು ಮಾಡಿದ ಏಡಿ ಸುಕ್ಕದ ಘಮಕ್ಕೆ ಪಕ್ಕದ ದೋಣಿಗಳವರು ತಲೆ ಹೊರಹಾಕಿ ನೋಡುತ್ತಿದ್ದರು. ಬಟ್ಟಲು ಕೈಯಿಂದ ಕೈಗೆ ದಾಟುತ್ತಿತ್ತು. ಬದಲಿಗೆ ಹೊಗೆ ಹಾಕಿದ ಸಾಲ್ಮನ್ ಬರುತ್ತಿತ್ತು.

ಸುಖವಷ್ಟೇ ಅಲ್ಲ. ಬೆಳಿಗ್ಗೆ ಗೋಡೆಗಳಿಂದ ಉಸಿರಿನ ತೇವ ಇಳಿದು ಹಾಸಿಗೆ ಒದ್ದೆ. ಶೌಚದ ತೊಟ್ಟಿಯನ್ನು ಪಂಪಿನ ಕಟ್ಟೆಗೆ ಹೋಗಿ ಖಾಲಿ ಮಾಡಬೇಕು. 2018ರಿಂದ ಪ್ಯೂಜೆಟ್ ಸೌಂಡ್‌ನಲ್ಲಿ ಶುದ್ಧೀಕರಿಸಿದ ಮಲಿನವನ್ನೂ ಕಡಲಿಗೆ ಬಿಡುವಂತಿಲ್ಲ. ನೀರಿನಲ್ಲಿ ಅರ್ಧ ಮುಳುಗಿ ತೇಲುವ ಮರದ ದಿಮ್ಮಿಗಳು ಆ ಕಡಲಿನ ನಿತ್ಯದ ಭಯ. ಏಳು ನಾಟ್ ವೇಗದಲ್ಲಿ ಬಡಿದರೆ ಸದ್ದು, ಇಪ್ಪತ್ತರಲ್ಲಿ ಬಡಿದರೆ ತೂತು. ಆಗಸ್ಟ್‌ನಲ್ಲಿ ಮಂಜು. ಒಮ್ಮೆ ರೊಸಾರಿಯೊ ದಡದಲ್ಲಿ ಎರಡು ದಿನ ಮೂತಿಯ ಕಂಬ ಕೂಡ ಕಾಣದಷ್ಟು ಕವಿದಿತ್ತು. ಆಚೆಯಿಂದ ಫೆರ್ರಿಯ ಕೊಂಬು ಎರಡೆರಡು ನಿಮಿಷಕ್ಕೆ ದೀರ್ಘವಾಗಿ ಕೂಗುತ್ತಿತ್ತು. ಸೋಮವಾರ ಕಚೇರಿಗೆ ಹಾಜರಾಗಬೇಕಿತ್ತು. ಗಂಡ ಹೊರಡೋಣವೆಂದ. ಆಕೆ ಉತ್ತರ ಕೊಡಲಿಲ್ಲ, ಲಂಗರಿನ ಹಗ್ಗವನ್ನು ಇನ್ನೊಂದು ಸಲ ಬಿಗಿದು ಕಟ್ಟಿದಳು. ಅವರು ಮಂಗಳವಾರ ಮನೆ ಸೇರಿದರು.

ನಿಧಾನಕ್ಕೆ ಬಂದ ಲಾಭಗಳನ್ನೂ ದೋಣಿಯ ದಿನಚರಿ ಪುಸ್ತಕ ಬರೆದಿಟ್ಟಿದೆ. 2017ರ ಜೂನ್‌ನಲ್ಲಿ, 1893ರಿಂದ ದಾರಿ ತೋರಿಸುತ್ತಿರುವ ಸ್ಟುವರ್ಟ್ ದ್ವೀಪದ ಟರ್ನ್ ಪಾಯಿಂಟ್ ದೀಪಸ್ತಂಭದ ಹತ್ತಿರ, ಓರ್ಕಾ ತಿಮಿಂಗಿಲಗಳ ಹಿಂಡು ಎದುರಾಯಿತು. ಎಂಜಿನ್ ಬಂದ್ ಮಾಡಿ ಕೂತರು. ಗಂಡೊಂದರ ಆಳೆತ್ತರದ ಬೆನ್ನುರೆಕ್ಕೆ ಎದ್ದಿತು, ಉಸಿರು ಬಿಟ್ಟ ಸದ್ದು ಪ್ರೆಷರ್ ಕುಕ್ಕರಿನ ಆವಿಯಂತೆ ಕೇಳಿಸಿತು ಎಂದು ಮಗಳು ಬರೆದಿದ್ದಾಳೆ. ಆ ಕಡಲಿನ ಸಾಲ್ಮನ್ ತಿನ್ನುವ ಓರ್ಕಾಗಳು ಈಗ ಎಂಬತ್ತಕ್ಕೂ ಕಡಿಮೆ ಉಳಿದಿವೆ. ದೋಣಿಗಳ ಗದ್ದಲ ಅವಕ್ಕೆ ಬೇಟೆಯ ಸದ್ದು ಕೇಳಿಸದಂತೆ ಮಾಡುತ್ತದೆ. ಆದ್ದರಿಂದಲೇ 2025ರಿಂದ ಅಲ್ಲಿನ ಕಾನೂನು ಅವುಗಳಿಂದ ಸಾವಿರ ಗಜ ದೂರವಿರಲು ಹೇಳುತ್ತದೆ. ಇನ್ನು ಹಾಗೆ ಹತ್ತಿರದಿಂದ ನೋಡಲಾಗದು. ಆ ಕಾನೂನು ಬಂದಾಗ ಮಗಳು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಒಳ್ಳೆಯದಾಯಿತು.”

ಒಂದೇ ಒಂದು ಸಲ ಅವರು ದೂರ ಹೋದರು. 2019ರಲ್ಲಿ ಮೂರು ವಾರ ರಜೆ ಹಾಕಿ, ಕೆನಡಾದೊಳಕ್ಕೆ ಟ್ರಕ್ಕು ಓಡಿಸಿ, ಎರಡು ಫೆರ್ರಿ ಹತ್ತಿಳಿದು, ಕರಾವಳಿ ಹೆದ್ದಾರಿ ಮುಗಿದೇ ಹೋಗುವ ಲಂಡ್ ಎಂಬ ಊರಲ್ಲಿ ‘ಚಕ್ರಾ’ವನ್ನು ನೀರಿಗಿಳಿಸಿದರು. ಜಾರ್ಜಿಯಾ ಜಲಸಂಧಿಯ ತೆರೆದ ನೀರಿನಲ್ಲಿ ದಿನಗಟ್ಟಲೆ ತೊನೆಯುವ ಕಷ್ಟ ಹೀಗೆ ತಪ್ಪಿತು. ಮುಂದಿದ್ದದ್ದು ಡೆಸೊಲೇಷನ್ ಸೌಂಡ್. 1792ರಲ್ಲಿ ಬಂದ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ಗೆ ಆ ಜಾಗ ಮಂಕು ಕವಿದಂತೆ ಕಂಡಿತು, ಹೆಸರೂ ಹಾಗೇ ಉಳಿಯಿತು. ಆದರೆ ವ್ಯಾಂಕೂವರ್ ದ್ವೀಪವನ್ನು ಎರಡೂ ತುದಿಯಿಂದ ಬಳಸಿ ಬರುವ ಉಬ್ಬರಗಳು ಆ ಆಸುಪಾಸಿನಲ್ಲೇ ಸಂಧಿಸುವುದರಿಂದ ಅಲ್ಲಿ ಹರಿವು ಕಡಿಮೆ. ಬೇಸಗೆಯಲ್ಲಿ ಮೇಲಿನ ನೀರು ಈಜುವಷ್ಟು ಬೆಚ್ಚಗಾಗುತ್ತದೆ. ಬಯಲುಸೀಮೆಯ ಗಂಡ ಕಡಲಿನಲ್ಲಿ ಮನಸಾರೆ ಈಜಿದ್ದು ಆ ಒಂದೇ ವಾರ.

ಆ ಪ್ರಯಾಣಕ್ಕೆ ಜೊತೆಗಿದ್ದ ಪುಸ್ತಕ ‘ದ ಕರ್ವ್ ಆಫ್ ಟೈಮ್’. 1961ರಲ್ಲಿ ಪ್ರಕಟವಾದ ಅದರ ಲೇಖಕಿ ಎಂ. ವೈಲಿ ಬ್ಲಾಂಚೆಟ್. ಗಂಡನನ್ನು ಕಳೆದುಕೊಂಡ ಮೇಲೆ, 1920 ಮತ್ತು 30ರ ದಶಕಗಳ ಬೇಸಗೆಗಳಲ್ಲಿ, ಐದು ಮಕ್ಕಳನ್ನು ಕರೆದುಕೊಂಡು ಇದೇ ಕೊಲ್ಲಿಗಳಲ್ಲಿ ಸುತ್ತಿದವಳು. ಅವಳ ‘ಕಪ್ರೀಸ್’ ದೋಣಿಯ ಉದ್ದವೂ ಇಪ್ಪತ್ತೈದು ಅಡಿಯೇ, ಅಗಲ ಮಾತ್ರ ಆರೂವರೆ. ಓದುತ್ತಾ ಆಕೆ ಗಂಡನಿಗೆ ಹೇಳಿದ್ದಳು: ಅಷ್ಟು ಚಿಕ್ಕದರಲ್ಲಿ ಆರು ಜನ ಬದುಕಿದರು, ನಾವು ಮೂವರೇ, ಇನ್ನು ದೊಡ್ಡ ದೋಣಿಯ ಮಾತು ಬೇಡ. ಅದಕ್ಕೂ ಮೊದಲು ಪ್ರತಿ ಚಳಿಗಾಲದಲ್ಲೂ ಗಂಡ ಮೂವತ್ತಡಿಯ ದೋಣಿಗಳ ಚಿತ್ರ ನೋಡುತ್ತಿದ್ದ. ಆಮೇಲೆ ನೋಡಲಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಮಗಳು ಕಾಲೇಜಿಗೆ ದೂರದ ಊರಿಗೆ ಹೋದಳು. ಗಂಡನ ಬೆನ್ನು ಟ್ರೇಲರ್ ಕೊಕ್ಕೆ ಎತ್ತಲು ಒಪ್ಪುತ್ತಿರಲಿಲ್ಲ. ಹಿತ್ತಲಿನಲ್ಲಿ ಹೊದಿಕೆ ಹೊದ್ದು ನಿಂತ ದೋಣಿಯನ್ನು ಅಡುಗೆಮನೆಯ ಕಿಟಕಿಯಿಂದ ದಿನವೂ ನೋಡುವುದು ಆಕೆಗೆ ಕಷ್ಟವಾಯಿತು. ಮುಂದಿನ ವಸಂತದಲ್ಲಿ ಎರಡು ಚಿಕ್ಕ ಮಕ್ಕಳಿರುವ ಸಂಸಾರವೊಂದು ಬಂದು ಅದನ್ನು ಕೊಂಡಿತು. ಹನ್ನೊಂದು ಬೇಸಗೆಗಳಲ್ಲಿ ಎಂಜಿನ್ ಓಡಿದ್ದು 1,216 ಗಂಟೆ. ಬೇರಿಂಗಿನ ಎರಡು ಹೊಸ ಜೊತೆ, ಗ್ರೀಸ್ ಗನ್, ಏಡಿಯ ಅಳತೆ ಪಟ್ಟಿ, ಮೂವರೂ ಗಟ್ಟಿಯಾಗಿ ಓದುತ್ತಿದ್ದ ಆ ಪಟ್ಟಿ, ಎಲ್ಲವನ್ನೂ ದೋಣಿಯ ಜೊತೆಗೇ ಕೊಟ್ಟರು. ದಿನಚರಿ ಪುಸ್ತಕವನ್ನು ಮಾತ್ರ ಇಟ್ಟುಕೊಂಡರು. ಅದರಲ್ಲಿ ಮಗಳ ಅಕ್ಷರ ಪುಟದಿಂದ ಪುಟಕ್ಕೆ ದೊಡ್ಡವರದಾಗುತ್ತಾ ಹೋಗುತ್ತದೆ.

ಕೊಂಡವರಿಗೆ ಆಕೆ ಮನವಿ ಮಾಡಿದ್ದು ಒಂದೇ: ಮೊದಲ ಬೇಸಗೆ ಎಲ್ಲಿಗೂ ದಿನಾಂಕ ಹಾಕಿಕೊಂಡು ಹೋಗಬೇಡಿ.

ಸಿಯಾಟಲ್‌ನಿಂದ ಉತ್ತರಕ್ಕೆ ಒಂದೂವರೆ ಗಂಟೆಯ ಕಾರಿನ ದಾರಿಯಲ್ಲಿ ಡಿಸೆಪ್ಷನ್ ಪಾಸ್ ಇದೆ. ಮೇಲೆ 1935ರಲ್ಲಿ ಕಟ್ಟಿದ ಉಕ್ಕಿನ ಸೇತುವೆ, ನೀರಿನಿಂದ ಸುಮಾರು 180 ಅಡಿ ಎತ್ತರದಲ್ಲಿ. ಆ ಕಡೆ ಹೋದವರು ಕಾರು ನಿಲ್ಲಿಸಿ, ಸೇತುವೆಯ ಅಂಚಿನ ಕಾಲುದಾರಿಯಲ್ಲಿ ನಡೆದು ಕೆಳಗೆ ನೋಡಿ. ನೀರು ಕುದಿಯುತ್ತಿದ್ದರೆ ಪೂರ್ವಕ್ಕೆ ಕಣ್ಣು ಹಾಯಿಸಿ. ಅಲ್ಲಿ ಕಾರ್ನೆಟ್ ಕೊಲ್ಲಿಯ ಕಟ್ಟೆಯಲ್ಲಿ ಒಂದೆರಡು ಚಿಕ್ಕ ದೋಣಿಗಳು ನೀರು ನಿಲ್ಲಲೆಂದು ಕಾಯುತ್ತಿರುತ್ತವೆ.